ಗ್ರಾಮದ ಬೊಕ್ಕಸ
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ನಳಕ್ಕೆ ನೀರು ಬಾರದಿದ್ದರೆ ನಾವು ಪಂಚಾಯತಿಯನ್ನು ದೂರುವೆವು. ಮನೆಪಟ್ಟಿ ಕೊಟ್ಟಿರುವೆವೆಯೆ ಎಂದು ನಮ್ಮನ್ನೇ ಕೇಳಿಕೊಳ್ಳುವುದು ಅಪೂರ್ವ.

ಪಂಚಾಯತಿಯ ಆದಾಯವು ಮುಖ್ಯವಾಗಿ ದ್ವಿವಿಧವಾದುದು. 1993ರ ಕಾಯಿದೆಯಂತೆ ಮನೆ-ನಿವೇಶನಗಳ ತೆರಿಗೆ, ನೀರಿನ ಕರ, ಸಂತೆಯ ಶುಲ್ಕ ಮೊದಲಾದವು ಸ್ವಂತದವು. ಸರಕಾರದ ಅನುದಾನವು ಮತ್ತೊಂದು. ಸಾಗುವಳಿಯ ಭೂಮಿಗೆ ಪಂಚಾಯತಿಯ ತೆರಿಗೆಯಿಲ್ಲ. ಆದುದರಿಂದ ಒಕ್ಕಲುತನವೇ ಪ್ರಧಾನವಾದ ಈ ಸೀಮೆಯಲ್ಲಿ ಮನೆಪಟ್ಟಿಯೇ ದೊಡ್ಡ ಆಧಾರ.

ಅನುದಾನಕ್ಕಾದರೋ ಕಟ್ಟುಪಾಡುಗಳುಂಟು. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ಕುಡಿಯುವ ನೀರು, ನೈರ್ಮಲ್ಯಗಳಿಗೇ ಮೀಸಲಿಟ್ಟಿತು. ಊರಿನ ಇತರ ಅಗತ್ಯಗಳಿಗೆ ಸ್ವಂತ ಹಣವೇ ಸ್ವಾತಂತ್ರ್ಯ.

ಪಟ್ಟಿ ಸಲ್ಲಿಸಿದವನು ಗ್ರಾಮಸಭೆಯಲ್ಲಿ ಲೆಕ್ಕ ಕೇಳಿದರೆ ಆ ಮಾತಿಗೆ ತೂಕವುಂಟು. ಹನಿಗೂಡಿದರೆ ಹಳ್ಳವಷ್ಟೆ! ಮೊದಲು ಸಲ್ಲಿಸೋಣ, ಬಳಿಕ ತಪ್ಪದೆ ಲೆಕ್ಕ ಕೇಳೋಣ.