ಹಾಡು ಜಿಮ್ ರೀವ್ಸ್‌ರದು, ಗಿಟಾರ್ ಯಾರದು?

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ದಂಡು ಪ್ರದೇಶದ ಹಳೆಯ ಮನೆಗಳಿಂದ ಜಿಮ್ ರೀವ್ಸ್‌ರ ಮೃದು ಕಂಠ ಕೇಳಿಬರುವುದು ಹೊಸ ಸಂಗತಿಯೇನಲ್ಲ. 1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ಈ ಪ್ರದೇಶವು 1949ರಲ್ಲಿ ಪೇಟೆಯೊಡನೆ ಒಂದೇ ಪಾಲಿಕೆಯಡಿ ಸೇರುವವರೆಗೂ ಬೇರೆಯೇ ಆಡಳಿತವನ್ನು ಹೊಂದಿತ್ತು. ಅಂತೆಯೇ ಬೇರೆಯ ಅಭಿರುಚಿಯನ್ನೂ ಬೆಳೆಸಿಕೊಂಡಿತು. ಅಮೆರಿಕದ ಕಂಟ್ರಿ ಸಂಗೀತವನ್ನು ಇಲ್ಲಿನ ಆಂಗ್ಲೋ ಇಂಡಿಯನ್ ಕುಟುಂಬಗಳು ತಮ್ಮದೆಂದೇ ಭಾವಿಸಿದವು. ರೀವ್ಸ್ 1964ರಲ್ಲಿ ವಿಮಾನ ಅಪಘಾತದಲ್ಲಿ ನಿಧನರಾದರೂ, ಹಿಂದಿನ ವರ್ಷವಷ್ಟೇ ಹೊರಬಂದಿದ್ದ ಅವರ ಕ್ರಿಸ್‌ಮಸ್ ಗೀತೆಗಳು ಇಂದಿಗೂ ಉಳಿದಿವೆ.

ಗಾಯಕನ ಹೆಸರು ಎಲ್ಲರಿಗೂ ಗೊತ್ತು. ಆದರೆ ಆ ಕಂಠದ ಹಿಂದೆ ಗಿಟಾರ್ ಮೀಟಿದವರಾರು?

ರೀವ್ಸ್‌ರ ಅತ್ಯಂತ ಜನಪ್ರಿಯ ಗೀತೆ ‘ಹೀಲ್ ಹ್ಯಾವ್ ಟು ಗೋ’ 1959ರ ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಮುದ್ರಣಗೊಂಡಿತು. 1960ರಲ್ಲಿ ಅದು ಕಂಟ್ರಿ ಗೀತೆಗಳ ಪಟ್ಟಿಯಲ್ಲಿ 14 ವಾರ ಅಗ್ರಸ್ಥಾನದಲ್ಲಿತ್ತು. ಸ್ವತಃ ಗಿಟಾರ್ ವಾದಕರಾಗಿದ್ದ ಚೆಟ್ ಅಟ್ಕಿನ್ಸ್ ಅದರ ನಿರ್ಮಾಪಕರು. ಪಿಯಾನೋದಲ್ಲಿ ಫ್ಲಾಯ್ಡ್ ಕ್ರೇಮರ್, ಬಾಸ್‌ನಲ್ಲಿ ಬಾಬ್ ಮೂರ್, ಡ್ರಮ್‌ನಲ್ಲಿ ಬಡ್ಡಿ ಹಾರ್ಮನ್ ಇದ್ದರು. ಗಿಟಾರ್ ಹ್ಯಾಂಕ್ ಗಾರ್ಲಂಡ್ ಅವರದು.

ಪಕ್ಕವಾದ್ಯದ ಕಾಯಕ

ಇಂಥವರನ್ನು ಅಮೆರಿಕದಲ್ಲಿ ಸೈಡ್‌ಮ್ಯಾನ್ ಎನ್ನುತ್ತಾರೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಪಕ್ಕವಾದ್ಯಗಾರರೇ ಅವರು. ಆದರೆ ವ್ಯತ್ಯಾಸವೊಂದಿದೆ. ಕರ್ನಾಟಕ ಸಂಗೀತ ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಪಿಟೀಲು, ಮೃದಂಗ ವಿದ್ವಾಂಸರ ಹೆಸರೂ ಅಚ್ಚಾಗುತ್ತದೆ. ತನಿ ಆವರ್ತನದಲ್ಲಿ ಅವರಿಗೆ ವೇದಿಕೆ ಮೀಸಲು. ನ್ಯಾಶ್‌ವಿಲ್‌ನ ವಾದಕರಿಗೆ ಆ ಕಾಲದ ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೂ ಬಹುತೇಕ ಸ್ಥಳವಿರಲಿಲ್ಲ.

ಅವರ ಕೆಲಸದ ಲೆಕ್ಕ ಗಡಿಯಾರದ್ದು. ಒಂದು ಸರದಿಗೆ ಮೂರು ಗಂಟೆ; ಅಷ್ಟರಲ್ಲಿ ಸಾಮಾನ್ಯವಾಗಿ ನಾಲ್ಕು ಹಾಡುಗಳು ಮುಗಿಯಬೇಕು. ವಾದಕರ ಸಂಘ ನಿಗದಿಪಡಿಸಿದ ಸಂಭಾವನೆ ಕೈಸೇರಿದರೆ ಲೆಕ್ಕ ಚುಕ್ತಾ. ಹಾಡು ಹತ್ತು ಪ್ರತಿ ಮಾರಾಟವಾದರೂ, ಹತ್ತು ಲಕ್ಷ ಮಾರಾಟವಾದರೂ ವಾದಕರಿಗೆ ಒಂದೇ.

ಬರೆದ ಸ್ವರಲಿಪಿ ಹೆಚ್ಚಾಗಿ ಇರುತ್ತಿರಲಿಲ್ಲ. ಹಾಡನ್ನು ಒಮ್ಮೆ ಕೇಳಿ, ಅಲ್ಲಿಯೇ ತಮ್ಮ ಪಾಲನ್ನು ಕಲ್ಪಿಸಿಕೊಳ್ಳಬೇಕಿತ್ತು. ಇದಕ್ಕೆ ನೆರವಾದದ್ದು 1950ರ ದಶಕದ ಕೊನೆಯಲ್ಲಿ ಗಾಯಕ ನೀಲ್ ಮ್ಯಾಥ್ಯೂಸ್ ರೂಪಿಸಿದ ಅಂಕಿಗಳ ಪದ್ಧತಿ. ಸ್ವರಮೇಳಗಳನ್ನು ಹೆಸರಿನ ಬದಲು 1, 4, 5 ಎಂದು ಗುರುತಿಸುವುದು ಇದರ ಕ್ರಮ. ಷಡ್ಜವನ್ನು ಯಾವ ಶ್ರುತಿಯಲ್ಲಿಟ್ಟರೂ ಮಧ್ಯಮ, ಪಂಚಮಗಳ ಸಂಬಂಧ ಬದಲಾಗದು ಎಂಬ ನಮ್ಮ ಸರಿಗಮದ ತತ್ತ್ವವೇ ಇಲ್ಲಿಯೂ ಇದೆ. ಗಾಯಕ ಶ್ರುತಿ ಏರಿಸಿದರೂ ಇಳಿಸಿದರೂ ಅಂಕಿಗಳು ಹಾಗೆಯೇ ಉಳಿಯುತ್ತವೆ.

ಮೂವತ್ತಕ್ಕೇ ನಿಂತ ಕೈ

ಗಾರ್ಲಂಡ್ 1930ರಲ್ಲಿ ದಕ್ಷಿಣ ಕೆರೊಲಿನಾದ ಕೌಪೆನ್ಸ್‌ನಲ್ಲಿ ಜನಿಸಿದರು. ಹದಿಹರೆಯದಲ್ಲಿಯೇ ನ್ಯಾಶ್‌ವಿಲ್ ಸೇರಿದರು. ಅವರು ರಚಿಸಿದ ‘ಶುಗರ್‌ಫುಟ್ ರ‍್ಯಾಗ್’ 19 ತುಂಬುವ ಹೊತ್ತಿಗೇ ಹೆಸರು ತಂದಿತು. 1955ರಲ್ಲಿ ಗಿಬ್ಸನ್ ಕಂಪೆನಿಯು ಅವರ ಮತ್ತು ಬಿಲ್ಲಿ ಬರ್ಡ್‌ರ ಸಲಹೆಯಂತೆ ತಯಾರಿಸಿದ ಗಿಟಾರಿಗೆ ಇಬ್ಬರ ಹೆಸರನ್ನೂ ಬೆರೆಸಿ ‘ಬರ್ಡ್‌ಲ್ಯಾಂಡ್’ ಎಂದು ನಾಮಕರಣ ಮಾಡಿತು. ಪ್ಯಾಟ್ಸಿ ಕ್ಲೈನ್‌ರ ‘ಐ ಫಾಲ್ ಟು ಪೀಸಸ್’, ಎಲ್ವಿಸ್ ಪ್ರೀಸ್ಲಿಯವರ ‘ಲಿಟಲ್ ಸಿಸ್ಟರ್’ ಗೀತೆಗಳ ಗಿಟಾರ್ ಕೂಡ ಇವರದೇ.

ಹಗಲೆಲ್ಲ ಕಂಟ್ರಿ ನುಡಿಸುತ್ತಿದ್ದ ಅವರ ಒಲವು ಜಾಝ್ ಕಡೆಗಿತ್ತು. 1960ರಲ್ಲಿ 17ರ ಹರೆಯದ ಗ್ಯಾರಿ ಬರ್ಟನ್‌ರನ್ನು ಜತೆಗಿಟ್ಟುಕೊಂಡು ತಮ್ಮದೇ ಜಾಝ್ ಮುದ್ರಿಕೆಯೊಂದನ್ನು ಸಿದ್ಧಪಡಿಸಿದರು. ಪಕ್ಕದಲ್ಲಿದ್ದವರು ನಡುವೆ ಬಂದು ನಿಲ್ಲುವ ಕಾಲ ಅದಾಗಿತ್ತು.

1961ರ ಸೆಪ್ಟೆಂಬರ್‌ನಲ್ಲಿ ನಡೆದ ಕಾರು ಅಪಘಾತ ಎಲ್ಲವನ್ನೂ ಮುಗಿಸಿತು. ಪ್ರಜ್ಞೆ ತಪ್ಪಿ ದಿನಗಟ್ಟಲೆ ಮಲಗಿದ್ದ ಅವರಿಗೆ ಬಳಿಕ ವಿದ್ಯುತ್ ಆಘಾತ ಚಿಕಿತ್ಸೆಯನ್ನೂ ನೀಡಲಾಯಿತು. ಗಿಟಾರ್ ನುಡಿಸುವುದನ್ನು ಮೊದಲಿನಿಂದ ಕಲಿಯಬೇಕಾಯಿತು; ಧ್ವನಿಮುದ್ರಣದ ವೃತ್ತಿಗೆ ಮರಳಲಾಗಲಿಲ್ಲ. ಆಗ ಅವರಿಗೆ 30 ವರ್ಷ. ಇನ್ನೂ 43 ವರ್ಷ ಬದುಕಿ, 2004ರ ಡಿಸೆಂಬರ್‌ನಲ್ಲಿ ಫ್ಲೋರಿಡಾದಲ್ಲಿ ಕೊನೆಯುಸಿರೆಳೆದರು. ಅವರು ನುಡಿಸಿದ ಹಾಡುಗಳು ಅಷ್ಟೂ ವರ್ಷ ಜಗತ್ತಿನಾದ್ಯಂತ ಮೊಳಗುತ್ತಲೇ ಇದ್ದವು.

ತಡವಾಗಿ ಬಂದ ಪಾಲು

ಅಮೆರಿಕದಲ್ಲಿ ಸಾಮಾನ್ಯ ರೇಡಿಯೋ ಪ್ರಸಾರಕ್ಕೆ ಗೀತರಚನೆಕಾರರಿಗೆ ಗೌರವಧನ ಸಲ್ಲುತ್ತದೆಯೇ ಹೊರತು ಗಾಯಕ, ವಾದಕರಿಗಲ್ಲ. ಡಿಜಿಟಲ್ ಪ್ರಸಾರಕ್ಕಾಗಿ 1995ರಲ್ಲಿ ಬಂದ ಕಾನೂನು ಮೊದಲ ಬಾರಿಗೆ ಪಕ್ಕವಾದ್ಯಗಾರರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಹಣದಲ್ಲಿ ಶೇ. 50 ಮುದ್ರಿಕೆಯ ಒಡೆಯರಿಗೆ, ಶೇ. 45 ಮುಖ್ಯ ಕಲಾವಿದರಿಗೆ, ಉಳಿದ ಶೇ. 5 ಹಿನ್ನೆಲೆಯ ವಾದಕರು ಮತ್ತು ಗಾಯಕರಿಗೆ. ಆದರೆ 1972ಕ್ಕೆ ಹಿಂದಿನ ಮುದ್ರಣಗಳು ಇದರ ವ್ಯಾಪ್ತಿಗೆ ಬಂದದ್ದು 2018ರ ತಿದ್ದುಪಡಿಯ ನಂತರ. ಗಾರ್ಲಂಡ್ ತೀರಿಕೊಂಡು ಆಗ 14 ವರ್ಷಗಳು ಸಮೀಪಿಸಿದ್ದವು.

ಭಾರತದಲ್ಲಿ ಪರಿಸ್ಥಿತಿ ಹೇಗಿದೆ? 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು, ವಾಣಿಜ್ಯ ಬಳಕೆಗೆ ಪ್ರದರ್ಶಕರೂ ಗೌರವಧನಕ್ಕೆ ಅರ್ಹರು ಎಂದಿದೆ. ಪ್ರದರ್ಶಕರೆಂದರೆ ಗಾಯಕರಷ್ಟೇ ಅಲ್ಲ, ವಾದ್ಯ ನುಡಿಸುವವರೂ ಹೌದು. ಈ ಹಕ್ಕಿನ ಅವಧಿ 50 ವರ್ಷ. ಆದರೆ ಚಲನಚಿತ್ರಗಳ ವಿಷಯದಲ್ಲಿ ಒಂದು ಷರತ್ತಿದೆ. ಪಾಲು ಕೇವಲ ಪ್ರಾಸಂಗಿಕವಾಗಿದ್ದು, ಉದ್ಯಮದ ರೂಢಿಯಂತೆ ಹೆಸರೂ ಎಲ್ಲಿಯೂ ನಮೂದಾಗದಿದ್ದರೆ, ಅಂಥವರಿಗೆ ಪ್ರದರ್ಶಕರ ಹಣಕಾಸಿನ ಹಕ್ಕು ದೊರೆಯದು.

ಅಂದರೆ ಪರದೆಯ ಮೇಲೆ ಕ್ಷಣಕಾಲ ಸರಿದುಹೋಗುವ ಹೆಸರು ಬರಿಯ ಮರ್ಯಾದೆಯ ಮಾತಲ್ಲ, ಅದೊಂದು ದಾಖಲೆ. ಇಂದಿರಾನಗರದ ವೇದಿಕೆಗಳಲ್ಲಿ ಸಂಜೆ ನುಡಿಸಿ, ಹಗಲು ಧ್ವನಿಮುದ್ರಣಕ್ಕೆ ಹೋಗುವ, ಹಲಸೂರಿನಲ್ಲಿಯೋ ಕೃಷ್ಣರಾಜಪುರದಲ್ಲಿಯೋ ಬಾಡಿಗೆ ಮನೆ ಹಿಡಿದಿರುವ ಯುವ ಗಿಟಾರ್ ವಾದಕರಿಗೆ ಇದು ನೇರವಾಗಿ ಸಂಬಂಧಿಸಿದ ವಿಚಾರ. ಅಂದಿನ ಸಂಭಾವನೆ ಅಂದೇ ಕೈಗೆ ಬಂದರೂ, ಯಾವ ದಿನ, ಯಾವ ಹಾಡಿಗೆ, ಯಾವ ವಾದ್ಯ ನುಡಿಸಲಾಯಿತು ಎಂಬುದನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಲೇಸು. ಕೈ ಆಡುವಷ್ಟು ದಿನ ಕೂಲಿ ಉಂಟು. ಕೈ ನಿಂತ ಮೇಲೆ ಹಾಡಿನ ಗಳಿಕೆಯಲ್ಲಿ ಪಾಲು ಕೇಳಲು ಹೆಸರು ಬೇಕು.