ಹಂಚಿ ಬಳಸುವ ತರಂಗ

ಬಹುಪಾಲು ನೌಕಾಪಡೆಯ ರಾಡಾರುಗಳಿಗೇ ಮೀಸಲಾಗಿದ್ದು, ಅಮೆರಿಕದ ಒಳನಾಡಿನಲ್ಲಿ ಬಹುಮಟ್ಟಿಗೆ ವ್ಯರ್ಥವಾಗುತ್ತಿದ್ದ 3550ರಿಂದ 3700 ಮೆಗಾಹರ್ಟ್ಸ್‌ವರೆಗಿನ ರೇಡಿಯೋ ತರಂಗಪಟ್ಟಿಯನ್ನು, ಮೊದಲಿನಿಂದ ಬಳಸುತ್ತಿದ್ದವರನ್ನು ಹೊರದೂಡದೆಯೇ ಹಂಚುವ ವಿಧಾನವೊಂದನ್ನು ಅಲ್ಲಿನ ಫೆಡರಲ್ ಸಂವಹನ ಆಯೋಗವು 2015ರಲ್ಲಿ ಅಂಗೀಕರಿಸಿತು. ನೌಕಾಪಡೆಯೇ ಮೊದಲಾದವರಿಗೆ ಅಗ್ರಪೂಜೆ. ತರುವಾಯ ಹರಾಜಿನಲ್ಲಿ ಹಣ ತೆತ್ತವರು. ಕಡೆಗೆ, ಹರಾಜಿನ ಗೊಡವೆಯೇ ಇಲ್ಲದ ಸಾಮಾನ್ಯರು.

ಕರಾವಳಿಯುದ್ದಕ್ಕೂ ನೆಟ್ಟ ಸಂವೇದಕಗಳು ರಾಡಾರಿನ ಸುಳಿವು ಹಿಡಿದೊಡನೆ, ಊರ ನೀರುಗಂಟಿಯು ತೂಬು ತಿರುಗಿಸುವಂತೆ, ಗಣಕವ್ಯವಸ್ಥೆಯೊಂದು ಆಸುಪಾಸಿನ ಇತರರನ್ನು ಬೇರೆ ತರಂಗಕ್ಕೆ ಸರಿಸಿ, ಹಡಗು ದೂರ ಸರಿದ ಮೇಲೆ ಪುನಃ ಅವಕಾಶವೀಯುತ್ತದೆ.

2020ರಲ್ಲಿ ಹರಾಜಿಗಿಟ್ಟುದು 70 ಮೆಗಾಹರ್ಟ್ಸ್ ಮಾತ್ರ. ಬೊಕ್ಕಸ ತುಂಬುವುದನ್ನೇ ಪರಮಾರ್ಥವೆಂದು ಬಗೆವ ಆಡಳಿತಗಾರರಿಗೆ ಇದು ರುಚಿಸದೆ ಇರಬಹುದು. ಆದರೆ ಹಣ ತೆತ್ತವನು ಬಳಸದೆ ಬಿಟ್ಟ ತರಂಗವನ್ನು ಸಾಮಾನ್ಯನು ಬಳಸಬಹುದೆಂಬ ನಿಯಮವೇ ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಶ್ಲಾಘ್ಯವಾಗಿ ತೋರುತ್ತದೆ.