ಸಾಸವಡದಿಂದ ಹಾರಿದರೆ ಊರು ಎಷ್ಟು ಹತ್ತಿರ?

ಪುಣೆ: ಜೆಜುರಿಯ ಖಂಡೋಬನ ದರ್ಶನಕ್ಕೆ ಹೊರಟ ಪುಣೆಯ ಕನ್ನಡಿಗರಿಗೆ ಸಾಸವಡ ಹೊಸ ಹೆಸರೇನಲ್ಲ. ನಮ್ಮ ಮೈಲಾರಲಿಂಗನೇ ಇಲ್ಲಿ ಖಂಡೋಬ. ದಿವೆ ಘಾಟ್ ಏರಿ ಇಳಿದರೆ ಸಿಗುವ ಈ ಊರು, ಸಂತ ಸೋಪಾನದೇವರ ಸಮಾಧಿಯಿಂದಲೂ ಸುತ್ತಲಿನ ಅಂಜೂರ, ಸೀತಾಫಲದ ತೋಟಗಳಿಂದಲೂ ಹೆಸರಾಗಿದೆ. 2016ರಿಂದ ಇದರೊಂದಿಗೆ ಇನ್ನೊಂದು ಮಾತು ಸೇರಿಕೊಂಡಿದೆ: ಪುರಂದರ ವಿಮಾನ ನಿಲ್ದಾಣ.

ಪುಣೆಯ ಈಗಿನ ಲೋಹಗಾಂವ್ ನಿಲ್ದಾಣ ವಾಯುಪಡೆಯ ನೆಲೆ. 2024ರಲ್ಲಿ ಹೊಸ ಟರ್ಮಿನಲ್ ಬಂದರೂ ರನ್‌ವೇ ವಾಯುಪಡೆಯದೇ. ದುರಸ್ತಿಗಾಗಿ 2021ರ ಅಕ್ಟೋಬರ್‌ನಲ್ಲಿ ಅದನ್ನು ಎರಡು ವಾರ ಮುಚ್ಚಿದಾಗ ನಗರಕ್ಕೆ ವಿಮಾನವೇ ಇರಲಿಲ್ಲ. ಹೊಸ ನಿಲ್ದಾಣದ ಬೇಡಿಕೆಗೆ ಬಲ ಬಂದುದು ಇಂಥ ಅಡಚಣೆಗಳಿಂದ.

ಊರಿಗೆ ಹೋಗುವವರಿಗೆ ಇದರಿಂದ ಏನು ಲಾಭ? ಆಕಾಶಮಾರ್ಗದ ನೇರ ದೂರ ನೋಡಿದರೆ ಲೋಹಗಾಂವ್‌ನಿಂದ ಬೆಂಗಳೂರು ಸುಮಾರು 720 ಕಿ.ಮೀ., ಮಂಗಳೂರು 630, ಹುಬ್ಬಳ್ಳಿ 375, ಬೆಳಗಾವಿ 310. ಸಾಸವಡ ದಕ್ಷಿಣಕ್ಕಿರುವುದರಿಂದ ಈ ಅಂತರ ಸುಮಾರು 25ರಿಂದ 30 ಕಿ.ಮೀ. ಕಡಿಮೆಯಾಗುತ್ತದೆ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ ಅದು ಎರಡು ನಿಮಿಷದ ದಾರಿ!

ಲೆಕ್ಕದ ಪ್ರಕಾರ ಬೆಂಗಳೂರಿಗೆ ಒಂದು ಗಂಟೆಯೂ ಬೇಡ. ಆದರೆ ವೇಳಾಪಟ್ಟಿಯಲ್ಲಿ ಸುಮಾರು ಒಂದೂವರೆ ಗಂಟೆ ಇರುತ್ತದೆ. ರನ್‌ವೇವರೆಗೆ ಸಾಗುವುದು, ಸರದಿ ಕಾಯುವುದು, ಏರುವಾಗ ಇಳಿಯುವಾಗ ವೇಗ ತಗ್ಗುವುದು ಎಲ್ಲವೂ ಅದರಲ್ಲಿ ಸೇರಿವೆ. ದಾರಿ ಚಿಕ್ಕದಾದಷ್ಟೂ ನೆಲದ ಮೇಲಿನ ಹೊತ್ತೇ ಹೆಚ್ಚು ಭಾರ.

ಆದ್ದರಿಂದ ನಿಜವಾದ ಪ್ರಶ್ನೆ ಮನೆಯಿಂದ ನಿಲ್ದಾಣದ್ದು. ಲೋಹಗಾಂವ್ ಪುಣೆ ಸ್ಟೇಷನ್ನಿಂದ ಹತ್ತು ಕಿ.ಮೀ. ಆಸುಪಾಸು, ಸಾಸವಡ ಮೂವತ್ತರ ಹತ್ತಿರ, ನಡುವೆ ಘಾಟಿ ಬೇರೆ. ಫುರಸುಂಗಿ, ಹಡಪ್ಸರ್, ಕಾತ್ರಜ್ ಕಡೆಯವರಿಗೆ ಅನುಕೂಲವಾದೀತು. ಪಿಂಪ್ರಿ-ಚಿಂಚ್‌ವಾಡ್, ಹಿಂಜೆವಾಡಿಯವರು ಎರಡು ನಿಮಿಷ ಉಳಿಸಲು ಒಂದು ಗಂಟೆ ಕಳೆಯಬೇಕಾದೀತು. ಅವರಿಗೆ 2025ರಲ್ಲಿ ಉದ್ಘಾಟನೆಯಾದ ನವಿ ಮುಂಬಯಿ ನಿಲ್ದಾಣವೂ ಒಂದು ಆಯ್ಕೆ. ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಬೆಳಗಾವಿ, ಹುಬ್ಬಳ್ಳಿಯಲ್ಲಿ ಇಳಿಯುವವರಿಗಂತೂ ಈ ಲೆಕ್ಕಾಚಾರವೇ ಬೇಡ.

ಇತ್ತ ಸಾಸವಡದ ಸುತ್ತ ಲೆಕ್ಕ ಬೇರೆ. ಪಾರಗಾಂವ್, ಖಾನವಡಿ, ಕುಂಭಾರವಳಣ, ವನಪುರಿ, ಉದಾಚಿವಾಡಿ, ಏಖತಪುರ, ಮುಂಜವಡಿ ಎಂಬ ಏಳು ಗ್ರಾಮಗಳ ಜಮೀನು ಯೋಜನೆಗೆ ಬೇಕು. 2025ರ ಮೇಯಲ್ಲಿ ಡ್ರೋನ್ ಸರ್ವೆಗೆ ಬಂದಾಗ ಗ್ರಾಮಸ್ಥರಿಗೂ ಪೊಲೀಸರಿಗೂ ಘರ್ಷಣೆ ನಡೆಯಿತು. ಮೊದಲು ಸುಮಾರು 7 ಸಾವಿರ ಎಕರೆ ಎಂದಿದ್ದ ಸರಕಾರ ಅದೇ ವರ್ಷ ಅದನ್ನು 3 ಸಾವಿರದ ಆಸುಪಾಸಿಗೆ ಇಳಿಸಿತು. ಊರಿನಲ್ಲಿ ಜಾಗ ಬಿಟ್ಟು ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ನಮ್ಮವರಿಗೆ, ಫಲ ಕೊಡುವ ಅಂಜೂರದ ತೋಟವನ್ನು ಬಿಡೆಂದರೆ ರೈತನಿಗೆ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.